728 ಗೀಸರುಗಳ ಅರಮನೆ

ಭಾನುವಾರ ಸಂಜೆ ಏಳಕ್ಕೆ ಮೈಸೂರು ಅರಮನೆಯ ದೀಪ ಹೊತ್ತಿದಾಗ ಅಂಗಳದ ತುಂಬ ಒಂದು ಸದ್ದು ಏಳುತ್ತದೆ, ಸಾವಿರಾರು ಜನ ಒಟ್ಟಿಗೆ ಉಸಿರೆಳೆದುಕೊಂಡಂಥ ಸದ್ದು. ನಾನು ಈ ಊರಿನವನು, ನೂರು ಸಲ ನೋಡಿದ್ದೇನೆ. ಆದರೂ ಆ ಸದ್ದಿನಲ್ಲಿ ನನ್ನದೂ ಒಂದು ಪಾಲು ಇದ್ದೇ ಇರುತ್ತದೆ. ಕಳೆದ ಸಲ ಅಕ್ಕನ ಮಗ ಜೊತೆಗಿದ್ದ. ಅವನ ಬೆರಗು ಎರಡು ನಿಮಿಷಕ್ಕೆ ಮುಗಿಯಿತು. ಆಮೇಲೆ ಪ್ರಶ್ನೆ ಶುರು.

"ಮಾಮ, ಇದಕ್ಕೆಲ್ಲ ಎಷ್ಟು ಕರೆಂಟು ಬೇಕು?"

ಕಡಲೆಕಾಯಿ ಪೊಟ್ಟಣದ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಅರಮನೆಗೆ ಒಂದು ಲಕ್ಷ ಬಲ್ಬು ಎನ್ನುವುದು ಬಾಯಿಮಾತು. ಸಾಮಾನ್ಯವಾಗಿ ಕೊಡುವ ಅಂಕಿ 97,000. ಒಂದೊಂದೂ 15 ವ್ಯಾಟಿನದೆಂದು ಇಟ್ಟುಕೊಂಡರೆ 14,55,000 ವ್ಯಾಟ್. ಅಂದರೆ ಒಂದೂವರೆ ಮೆಗಾವ್ಯಾಟಿಗೆ ಕೂದಲೆಳೆಯಷ್ಟು ಕಡಿಮೆ. ಹುಡುಗನಿಗೆ ಮೆಗಾವ್ಯಾಟ್ ಅಂದರೆ ಏನೂ ಅಲ್ಲ. ಹಾಗಾಗಿ ಅವರ ಮನೆಯ ಬಚ್ಚಲಿನ ಗೀಸರನ್ನೇ ಅಳತೆಗೋಲು ಮಾಡಿಕೊಂಡೆ. ಅದು 2,000 ವ್ಯಾಟಿನದು. ಭಾಗಿಸಿದರೆ ಬಂದದ್ದು 728.

ನಾನು ಮತ್ತೊಮ್ಮೆ ಭಾಗಿಸಿದೆ. ಅಷ್ಟೇ ಬಂತು. ಕುವೆಂಪುನಗರದ ನಾಲ್ಕೈದು ಬೀದಿಗಳಲ್ಲಿ 728 ಮನೆಯವರು ಬೆಳಿಗ್ಗೆ ಆರೂವರೆಗೆ ಬಚ್ಚಲಿನ ಸ್ವಿಚ್ ಒತ್ತಿದರೆ ಇಡೀ ಅರಮನೆ, ಅದರ ಗೋಪುರ, ಕಮಾನು, ಸುತ್ತಲಿನ ಗುಡಿ, ಹೆಬ್ಬಾಗಿಲು ಎಲ್ಲ ಉರಿದಷ್ಟು ಕರೆಂಟು ಹೋಗುತ್ತದೆ. ಅದಕ್ಕೆ ಯಾರೂ ಬಾಯಿ ತೆರೆದು ನೋಡುವುದಿಲ್ಲ. ಅರಮನೆಯ ದೀಪ ಹೊತ್ತುವುದು ಪಂಚಾಂಗ ನೋಡಿಕೊಂಡು, ಗಡಿಯಾರ ನೋಡಿಕೊಂಡು: ಭಾನುವಾರ, ಸರ್ಕಾರಿ ರಜೆ, ದಸರಾ. 728 ಗೀಸರುಗಳಿಗೆ ಅಂಥ ಯಾವ ವೇಳಾಪಟ್ಟಿಯೂ ಇಲ್ಲ.

ಆ ಪೊಟ್ಟಣದ ಲೆಕ್ಕ ಅಲ್ಲಿಗೆ ನಿಲ್ಲಲಿಲ್ಲ. 2011ರ ಜನಗಣತಿಯಲ್ಲೇ ಮೈಸೂರಿನ ಜನಸಂಖ್ಯೆ ಒಂಬತ್ತು ಲಕ್ಷದ ಆಸುಪಾಸಿನಲ್ಲಿತ್ತು. ಊರಿನಲ್ಲಿ ಒಂದು ಲಕ್ಷ ಮನೆಗಳಲ್ಲಿ ಗೀಸರ್ ಇದೆ ಎಂದು ಸುಮ್ಮನೆ ಊಹಿಸೋಣ. ಇದು ನನ್ನ ಊಹೆ, ಯಾವ ಇಲಾಖೆಯ ಅಂಕಿಯೂ ಅಲ್ಲ. ಡಿಸೆಂಬರಿನ ಚಳಿಗೆ ಅಷ್ಟೂ ಮನೆಯವರು ಒಂದೇ ಹೊತ್ತಿಗೆ ಸ್ವಿಚ್ ಹಾಕಿದರು ಎನ್ನಿ. 200 ಮೆಗಾವ್ಯಾಟ್! ಶರಾವತಿ ವಿದ್ಯುದಾಗಾರದಲ್ಲಿ ಇರುವುದು ಹತ್ತು ಯಂತ್ರ, ಒಂದೊಂದರ ಸಾಮರ್ಥ್ಯ 103.5 ಮೆಗಾವ್ಯಾಟ್. ಅದರಲ್ಲಿ ಎರಡು ಯಂತ್ರ ನಮ್ಮ ಊರಿನ ಸ್ನಾನಕ್ಕೇ ಮೀಸಲು. ಕೈಗಾ ಅಣುವಿದ್ಯುತ್ ಸ್ಥಾವರದ ಮೊದಲ ಘಟಕ 220 ಮೆಗಾವ್ಯಾಟಿನದು. 2018ರ ಕೊನೆಗೆ ಅದು ಒಮ್ಮೆಯೂ ನಿಲ್ಲದೆ 962 ದಿನ ಓಡಿ ಆಗಿನ ಜಗತ್ತಿನ ದಾಖಲೆ ಬರೆಯಿತು. ಅಂಥ ಘಟಕವನ್ನು ಗೀಸರಿಗೆ ಕಟ್ಟಿದರೆ ಪ್ರಯೋಜನವಿಲ್ಲ. ಅದಕ್ಕೆ ಬೇಕಾದದ್ದು 962 ದಿನದ ಒಂದೇ ಓಟ. ನಮಗೆ ಬೇಕಾದದ್ದು ಅರ್ಧ ಗಂಟೆ.

ಕರೆಂಟಿನ ವ್ಯಾಪಾರದ ಪೇಚು ಇರುವುದು ಈ ಅರ್ಧ ಗಂಟೆಯಲ್ಲಿ. ಅಕ್ಕಿಯಾದರೆ ಗೋದಾಮಿದೆ, ಹಾಲಾದರೆ ಡೇರಿಯಲ್ಲಿ ತಣ್ಣನೆಯ ಟ್ಯಾಂಕಿದೆ. ತಂತಿಯಲ್ಲಿ ಹರಿಯುವ ಕರೆಂಟಿಗೆ ಉಗ್ರಾಣವಿಲ್ಲ. ಅಕ್ಕ ಸ್ವಿಚ್ ಒತ್ತಿದಾಗ ಬರುವುದು ಆಗಲೇ, ಆ ಕ್ಷಣದಲ್ಲೇ ಎಲ್ಲೋ ಹುಟ್ಟಿದ ಕರೆಂಟು. ಅವಳು ಆರಿಸಿದರೆ ಎಲ್ಲೋ ಒಂದು ಯಂತ್ರ ಅಷ್ಟೇ ಅಳತೆಗೆ ಉಸಿರು ಹಿಡಿಯಬೇಕು.

ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ತೇರೆಳೆಯುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಿಣಿ ಹಿಡಿದು ಎಳೆಯುವವರು ಸಾವಿರಾರು ಜನ; ತೇರಿನ ಭಾರ ಒಂದು. ಈಗ ಆ ತೇರು ಓಡುತ್ತಿರುವಾಗಲೇ ಜನ ಅದರ ಮೇಲೆ ಹತ್ತುತ್ತಾ, ಇಳಿಯುತ್ತಾ ಇದ್ದಾರೆ ಎಂದುಕೊಳ್ಳಿ. ಹತ್ತುವವರು ಹೆಚ್ಚಾದರೆ ವೇಗ ಕುಂದುತ್ತದೆ, ಇಳಿಯುವವರು ಹೆಚ್ಚಾದರೆ ಏರುತ್ತದೆ. ತೇರು ಮಾತ್ರ ಹಗಲು ರಾತ್ರಿ ಒಂದೇ ವೇಗದಲ್ಲಿ ಓಡಬೇಕು. ಆ ವೇಗದ ಹೆಸರು ಫ್ರೀಕ್ವೆನ್ಸಿ, ನಮ್ಮ ದೇಶದಲ್ಲಿ ಅದು ಸೆಕೆಂಡಿಗೆ 50 ಆವರ್ತ. ದಿನಕ್ಕೆ 43,20,000 ಬಡಿತ. ನಿಯಮ ಕೊಟ್ಟಿರುವ ಸಡಿಲ ಎಷ್ಟು ಗೊತ್ತೆ? ಕೆಳಗೆ 49.90, ಮೇಲೆ 50.05. ಸಾವಿರದಲ್ಲಿ ಎರಡರಷ್ಟು ತಗ್ಗಬಹುದು, ಒಂದರಷ್ಟು ಏರಬಹುದು, ಅಷ್ಟೇ.

ಇದನ್ನು ಕಾಯುವವರು ಬೆಂಗಳೂರಿನ ಆನಂದರಾವ್ ವೃತ್ತದ ಬಳಿಯ ರಾಜ್ಯ ಲೋಡ್ ಡಿಸ್‌ಪ್ಯಾಚ್ ಕೇಂದ್ರದಲ್ಲಿ, ಅವರ ಮೇಲೆ ದಕ್ಷಿಣ ವಲಯದ ಕೇಂದ್ರದಲ್ಲಿ, ಅದಕ್ಕೂ ಮೇಲೆ ದೆಹಲಿಯಲ್ಲಿ ಕೂತಿದ್ದಾರೆ. ಅವರ ದಿನಕ್ಕೆ 24 ಗಂಟೆಯಿಲ್ಲ, 96 ಬ್ಲಾಕ್. ಕಾಲುಗಂಟೆಗೆ ಒಂದು ಬ್ಲಾಕ್. ನಾಳೆಯ ಒಂದೊಂದು ಬ್ಲಾಕಿಗೂ ಯಾರು ಎಷ್ಟು ಹುಟ್ಟಿಸಬೇಕು, ಯಾರು ಎಷ್ಟು ಎಳೆಯಬಹುದು ಎಂಬುದು ಇವತ್ತೇ ಬರೆದಾಗಿರುತ್ತದೆ. ಬರೆದದ್ದಕ್ಕೂ ನಡೆದದ್ದಕ್ಕೂ ಅಂತರ ಇದ್ದೇ ಇರುತ್ತದೆ. ಅದನ್ನು ತುಂಬಲು ದೆಹಲಿಯ ಕಂಪ್ಯೂಟರು ಆಯ್ದ ಸ್ಥಾವರಗಳಿಗೆ ನಾಲ್ಕು ಸೆಕೆಂಡಿಗೊಮ್ಮೆ ಸಂಕೇತ ಕಳಿಸುತ್ತದೆ: ಸ್ವಲ್ಪ ಏರಿಸು, ಸ್ವಲ್ಪ ಇಳಿಸು. ನಾಲ್ಕು ಸೆಕೆಂಡಿಗೊಮ್ಮೆ ಅಂದರೆ ದಿನಕ್ಕೆ 21,600 ಸಲ. ಈ ಸಂಖ್ಯೆಯನ್ನು ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿತು. ಯೋಗದ ಗ್ರಂಥಗಳಲ್ಲಿ ಮನುಷ್ಯ ಒಂದು ಹಗಲು ರಾತ್ರಿಯಲ್ಲಿ ಎಳೆಯುವ ಉಸಿರು ಅಷ್ಟೇ, 21,600. ಅದಕ್ಕೆ ಅಜಪಾ ಜಪ ಎಂದು ಹೆಸರು. ನಮ್ಮ ಊರಿನ ಗೋಕುಲಂನಲ್ಲಿ ಚಾಪೆ ಹಾಸಿ ಕೂತು ಉಸಿರು ಎಣಿಸಲು ಜಗತ್ತಿನ ಮೂಲೆಮೂಲೆಯಿಂದ ಬರುವವರಿಗೆ ತಲೆಯ ಮೇಲಿನ ತಂತಿಯೂ ಅದೇ ಲಯದಲ್ಲಿ ಉಸಿರಾಡುತ್ತಿದೆ ಎಂದು ಯಾರಾದರೂ ಹೇಳಬೇಕು. ಕಾಕತಾಳೀಯವೇ, ಒಪ್ಪುತ್ತೇನೆ. ಆದರೆ ಚಂದದ ಕಾಕತಾಳೀಯ.

ಲೆಕ್ಕ ಇಷ್ಟು ಬಿಗಿಯಾದದ್ದು ಇತ್ತೀಚೆಗೆ. 1902ರಲ್ಲಿ ಶಿವನಸಮುದ್ರದಲ್ಲಿ ಯಂತ್ರ ತಿರುಗಲು ಶುರುವಾದಾಗ ಈ ಗೋಳಿರಲಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದ ಯೋಜನೆ, ಲೋಟ್ಬಿನಿಯರ್ ಎಂಬ ಎಂಜಿನಿಯರ್ ಹಠ ಹಿಡಿದು ಮಾಡಿಸಿದ್ದು. ಆರು ಯಂತ್ರ, ಒಂದೊಂದೂ 720 ಕಿಲೋವ್ಯಾಟ್. ಗಿರಾಕಿ ಒಬ್ಬನೇ: 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿ. ಗಣಿ ಹಗಲು ರಾತ್ರಿ ಎನ್ನದೆ ಒಂದೇ ಸಮನೆ ಎಳೆಯುವಂಥದ್ದು. ಹುಟ್ಟಿಸುವವನಿಗೂ ಬಳಸುವವನಿಗೂ ನಡುವೆ ಒಂದು ತಂತಿ. ಆ ಆರೂ ಯಂತ್ರ ಸೇರಿ 4.32 ಮೆಗಾವ್ಯಾಟ್, ನನ್ನ ಅಳತೆಯಲ್ಲಿ 2,160 ಗೀಸರ್. ಏಷ್ಯಾವೇ ತಿರುಗಿ ನೋಡಿದ ಆ ಸಾಹಸವನ್ನು ಇವತ್ತು ಸರಸ್ವತಿಪುರಂ ಒಂದೇ ಬೆಳಗಿನ ಜಾವದಲ್ಲಿ ಮೀಯಲು ಖರ್ಚು ಮಾಡಿಬಿಡಬಹುದು. ಬೆಂಗಳೂರಿಗೆ ದೀಪ ಬಂದದ್ದು 1905ರ ಆಗಸ್ಟ್‌ನಲ್ಲಿ, ಮೈಸೂರಿಗೆ 1908ರಲ್ಲಿ. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಗಣಿಯ ಯಂತ್ರ ನಿಲ್ಲುತ್ತದಲ್ಲ ಎಂಬ ಚಿಂತೆ ಬಂದಾಗ ಸಿಕ್ಕ ಪರಿಹಾರವನ್ನು ನಾವೆಲ್ಲ ಪಿಕ್ನಿಕ್ಕಿಗೆ ಹೋಗಿ ನೋಡಿ ಬರುತ್ತೇವೆ. ಕನ್ನಂಬಾಡಿ ಕಟ್ಟೆಯನ್ನು 1911ರಲ್ಲಿ ಶುರು ಮಾಡಿದ್ದಕ್ಕೆ ಗದ್ದೆಗಳಷ್ಟೇ ಕಾರಣವಲ್ಲ, ಶಿವನಸಮುದ್ರದ ಯಂತ್ರಗಳಿಗೆ ವರ್ಷವಿಡೀ ನೀರು ಸಿಗಬೇಕೆಂಬುದೂ ಒಂದು ದೊಡ್ಡ ಕಾರಣ. 124.80 ಅಡಿ, 49 ಟಿಎಂಸಿಗೂ ಮೀರಿದ ನೀರು. ಕರೆಂಟಿಗೆ ಉಗ್ರಾಣವಿಲ್ಲ ಎಂದೆನಲ್ಲ, ನೀರಿನ ರೂಪದಲ್ಲಿ ನಮ್ಮ ಹಿರಿಯರು ಒಂದನ್ನು ಕಟ್ಟಿಟ್ಟು ಹೋಗಿದ್ದರು.

ಆ ಒಂದು ತಂತಿ ಬೆಳೆಯುತ್ತಾ ಬೆಳೆಯುತ್ತಾ ಎಲ್ಲಿಗೆ ಬಂತೆಂದರೆ, 2012ರ ಜುಲೈ 31ರಂದು ಉತ್ತರ, ಪೂರ್ವ, ಈಶಾನ್ಯ ಭಾರತದ ಗ್ರಿಡ್‌ಗಳು ಒಟ್ಟಿಗೆ ಮಲಗಿದಾಗ 60 ಕೋಟಿಗೂ ಹೆಚ್ಚು ಜನ ಕತ್ತಲಿಗೆ ಬಿದ್ದರು. ಮೈಸೂರು ಮಾತ್ರ ಆ ಕತ್ತಲಿಗೆ ಬೀಳಲಿಲ್ಲ. ದಕ್ಷಿಣದ ಗ್ರಿಡ್ ಆಗ ಬೇರೆ ತೇರು, ಅದರ ಮಿಣಿಯೇ ಬೇರೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ಮಾರ್ಗ ಸೇರಿಕೊಂಡಿತು. ಅಂದಿನಿಂದ ದೇಶಕ್ಕೆಲ್ಲ ಒಂದೇ ತೇರು. ನಜರಬಾದಿನ ಹಿಟ್ಟಿನ ಗಿರಣಿಯೂ ಹಿಮಾಚಲದ ಕಣಿವೆಯ ಟರ್ಬೈನೂ ಒಂದೇ ತಾಳಕ್ಕೆ ತಿರುಗುತ್ತವೆ. ಯಾರ ಹೆಜ್ಜೆ ತಪ್ಪಿದರೂ ಎಲ್ಲರಿಗೂ ತಿಳಿಯುತ್ತದೆ.

ಅದು ಎಷ್ಟು ತಿಳಿಯುತ್ತದೆ ಎಂಬುದಕ್ಕೆ 2020ರ ಏಪ್ರಿಲ್ 5ರ ರಾತ್ರಿ ಸಾಕ್ಷಿ. ಲಾಕ್‌ಡೌನಿನ ಕಾಲ. ರಾತ್ರಿ ಒಂಬತ್ತಕ್ಕೆ ಒಂಬತ್ತು ನಿಮಿಷ ಮನೆಯ ದೀಪ ಆರಿಸಿ ಹಣತೆ ಹಚ್ಚಿ ಎಂದು ಪ್ರಧಾನಿ ಕೇಳಿಕೊಂಡಿದ್ದರು. ನಮ್ಮ ಬೀದಿಯಲ್ಲಿ ಎಲ್ಲರೂ ಜಗಲಿಗೆ ಬಂದು ನಿಂತಿದ್ದೆವು. ಯಾರೋ ಜಾಗಟೆಯನ್ನೂ ತಂದಿದ್ದರು, ಅದು ಹಿಂದಿನ ಸಲದ ಕಾರ್ಯಕ್ರಮ ಎಂದು ಅವರಿಗೆ ನೆನಪು ಮಾಡಬೇಕಾಯಿತು. ನಮಗೆ ಅದೊಂದು ಸಂಜೆಯ ಸಡಗರ. ಗ್ರಿಡ್ ಕಾಯುವವರಿಗೆ ಅದು ಜೀವಮಾನದ ಪರೀಕ್ಷೆ. ಬೇಡಿಕೆ 12ರಿಂದ 14 ಸಾವಿರ ಮೆಗಾವ್ಯಾಟ್ ಕುಸಿಯಬಹುದು ಎಂದು ಅವರು ಅಂದಾಜು ಮಾಡಿದ್ದರು. ಕುಸಿದದ್ದು 31,089 ಮೆಗಾವ್ಯಾಟ್.

ಈ ಸಂಖ್ಯೆಯ ಮುಂದೆ ಸ್ವಲ್ಪ ಕೂತುಕೊಳ್ಳಬೇಕು. ಎಂಟೂ ಮುಕ್ಕಾಲರಿಂದ ಒಂಬತ್ತು ಹತ್ತರವರೆಗೆ 25 ನಿಮಿಷ. ನಿಮಿಷಕ್ಕೆ ಸರಾಸರಿ 1,244 ಮೆಗಾವ್ಯಾಟ್. ಶರಾವತಿ ವಿದ್ಯುದಾಗಾರದ ಹತ್ತೂ ಯಂತ್ರ ಸೇರಿದರೆ 1,035. ಅಂದರೆ ಪ್ರತಿ ನಿಮಿಷಕ್ಕೆ ಒಂದು ಶರಾವತಿಗಿಂತ ದೊಡ್ಡ ಹೊರೆ ಮಾಯವಾಗುತ್ತಿತ್ತು, ಸಾಲಾಗಿ 25 ನಿಮಿಷ. ಹಳೆಯ 40 ವ್ಯಾಟಿನ ಟ್ಯೂಬ್‌ಲೈಟಿನ ಲೆಕ್ಕದಲ್ಲಿ ಹೇಳಿದರೆ 77 ಕೋಟಿಗೂ ಹೆಚ್ಚು ಟ್ಯೂಬ್‌ಲೈಟು. ಗೀಸರಿನ ಲೆಕ್ಕದಲ್ಲಿ ಒಂದೂವರೆ ಕೋಟಿಗೂ ಹೆಚ್ಚು. ಕಲ್ಲಿದ್ದಲಿನ ಯಂತ್ರಗಳು ಅಷ್ಟು ಬೇಗ ಬಗ್ಗುವುದಿಲ್ಲ. ಬಾಯ್ಲರಿಗೆ ಆರಲೂ ಹೊತ್ತು ಬೇಕು, ಕಾಯಲೂ ಹೊತ್ತು ಬೇಕು. ಹಾಗಾಗಿ ಹೆಚ್ಚಿನ ಭಾರ ಬಿದ್ದದ್ದು ನೀರಿನ ಮೇಲೆ. ದೇಶದ ಜಲವಿದ್ಯುತ್ತನ್ನು ಮೊದಲೇ ಏರಿಸಿ 25,559 ಮೆಗಾವ್ಯಾಟಿಗೆ ತಂದು ನಿಲ್ಲಿಸಿದ್ದರು. ಜನ ದೀಪ ಆರಿಸುತ್ತಾ ಹೋದ ಹಾಗೆ ಅಣೆಕಟ್ಟಿನ ಕೆಳಗೆ ಯಂತ್ರಕ್ಕೆ ಹೋಗುವ ನೀರಿನ ಬಾಗಿಲು ಮುಚ್ಚುತ್ತಾ 8,016ಕ್ಕೆ ಇಳಿಸಿದರು. ಆಮೇಲೆ, ಒಂಬತ್ತು ನಿಮಿಷ ಕಳೆದು ಜನ ಒಳಗೆ ಹೋಗಿ ಸ್ವಿಚ್ ಹಾಕಿದಾಗ, ಮತ್ತೆ ಏರಿಸಿದರು. ಈ ಇಡೀ ಆಟದಲ್ಲಿ ಫ್ರೀಕ್ವೆನ್ಸಿ 50.26ರವರೆಗೆ ಏರಿತು, 49.70ರವರೆಗೆ ಇಳಿಯಿತು. ಕರೆಂಟು ಹೋಗಲಿಲ್ಲ. ನಾವು ಹಣತೆ ಆರಿಸಿ, ಊಟಕ್ಕೆ ಕೂತೆವು.

ಈ ಕಥೆಯನ್ನು ಸಾಮಾನ್ಯವಾಗಿ ಗ್ರಿಡ್ ಎಂಜಿನಿಯರುಗಳ ಜಾಣತನದ ಕಥೆಯಾಗಿ ಹೇಳುತ್ತಾರೆ. ಹೌದು, ಅದು ಅವರ ಜಾಣತನ. ನನ್ನನ್ನು ಕಾಡಿದ್ದು ಇನ್ನೊಂದು ಕಡೆ. ಆ ರಾತ್ರಿ ಯಾರೂ ಹೊಸ ವಿದ್ಯುತ್ ಸ್ಥಾವರ ಕಟ್ಟಲಿಲ್ಲ, ಯಾವ ತಂತಿಯೂ ತುಂಡಾಗಲಿಲ್ಲ. ಜನ ಒಂದೇ ಹೊತ್ತಿಗೆ ಒಂದು ಸಣ್ಣ ಕೆಲಸ ಮಾಡಿದರು, ಅಷ್ಟೇ. ಹತ್ತು ವ್ಯಾಟಿನ ಬಲ್ಬಿಗೆ ಶಕ್ತಿ ಬರುವುದು ಅದರ ವ್ಯಾಟಿನಿಂದಲ್ಲ, 'ಒಟ್ಟಿಗೆ' ಎಂಬ ಮಾತಿನಿಂದ. ಆ ಮಾತಿನ ಬೆಲೆ 31,089 ಮೆಗಾವ್ಯಾಟ್ ಎಂದು ದೇಶ ಒಮ್ಮೆ ಅಳೆದು ನೋಡಿದೆ.

ಈಗ ಇದೇ ಗಾತ್ರದ ಇನ್ನೊಂದು ಸಂಖ್ಯೆ ನಮ್ಮ ತಾರಸಿಯ ಮೇಲೆ ಬಂದು ಕೂರುತ್ತಿದೆ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯ ಗುರಿ ಒಂದು ಕೋಟಿ ಮನೆ. ಮೂರು ಕಿಲೋವ್ಯಾಟ್ ಹಾಕಿಸಿಕೊಂಡರೆ 78,000 ರೂಪಾಯಿ ಸಹಾಯಧನ. ಒಂದು ಕೋಟಿಯನ್ನು ಮೂರರಿಂದ ಗುಣಿಸಿ: 30,000 ಮೆಗಾವ್ಯಾಟ್. ಹೆಚ್ಚುಕಡಿಮೆ ಏಪ್ರಿಲ್ 5ರ ರಾತ್ರಿ ಮಾಯವಾದಷ್ಟೇ! ಪಾವಗಡದ ಸೋಲಾರ್ ಪಾರ್ಕ್ 13,000 ಎಕರೆ, 2,050 ಮೆಗಾವ್ಯಾಟ್; ಅಂಥವು ಹದಿನಾಲ್ಕೂವರೆ ಬೇಕು ಇದಕ್ಕೆ ಸಮವಾಗಲು. ಪಾವಗಡದವರ ಜೊತೆ ಡಿಸ್‌ಪ್ಯಾಚ್ ಕೇಂದ್ರದವರು ಮಾತಾಡಬಹುದು, ಇಳಿಸಿ ಎಂದರೆ ಇಳಿಸುತ್ತಾರೆ. ಒಂದು ಕೋಟಿ ತಾರಸಿಗಳಿಗೆ ಯಾರು ಫೋನು ಮಾಡುವುದು?

ಜರ್ಮನಿಯವರು ಈ ಪ್ರಶ್ನೆಯನ್ನು ತಡವಾಗಿ ಕೇಳಿಕೊಂಡರು. ಅವರ ತಾರಸಿಯ ಸೋಲಾರ್ ಇನ್ವರ್ಟರುಗಳಿಗೆ ಒಂದು ಬುದ್ಧಿ ತುಂಬಿದ್ದರು: ಫ್ರೀಕ್ವೆನ್ಸಿ 50.2 ಮುಟ್ಟಿದರೆ ತಕ್ಷಣ ಕಳಚಿಕೊ. ಹತ್ತಿಪ್ಪತ್ತು ಮನೆಗಳಿದ್ದಾಗ ಅದು ಜಾಣ ನಿಯಮ. ಲಕ್ಷಗಟ್ಟಲೆ ಆದಮೇಲೆ ಗೊತ್ತಾಯಿತು, ಒಂದು ಬಿಸಿಲ ಮಧ್ಯಾಹ್ನ ಆ ಗೆರೆ ಮುಟ್ಟಿದರೆ ಸಾವಿರಾರು ಮೆಗಾವ್ಯಾಟ್ ಒಂದೇ ಕ್ಷಣದಲ್ಲಿ ಕೈಬಿಡುತ್ತದೆ, ಯುರೋಪಿನ ತೇರೇ ಮುಗ್ಗರಿಸುತ್ತದೆ. 2012ರಲ್ಲಿ ನಿಯಮ ಮಾಡಿ ಮೂರು ಲಕ್ಷಕ್ಕೂ ಹೆಚ್ಚು ಘಟಕಗಳನ್ನು ಒಂದೊಂದಾಗಿ ಹುಡುಕಿ ತಿದ್ದಬೇಕಾಯಿತು. ನಮ್ಮ ಏಪ್ರಿಲ್ 5ರ ರಾತ್ರಿ ಮುಟ್ಟಿದ್ದು 50.26 ಎಂಬುದನ್ನು ನೆನೆಸಿಕೊಳ್ಳಿ. ಅದು ರಾತ್ರಿಯಾಗಿದ್ದದ್ದು, ಸೂರ್ಯ ಮುಳುಗಿದ್ದದ್ದು ಒಳ್ಳೆಯದೇ ಆಯಿತು.

ಹಾಗಾದರೆ ಲಕ್ಷಾಂತರ ಸಣ್ಣ ಯಂತ್ರಗಳನ್ನು ಹೇಳಿದ ಮಾತು ಕೇಳುವ ಹಾಗೆ ಮಾಡುವುದು ಹೇಗೆ? ಇದನ್ನು ಈಗ ದೊಡ್ಡ ದೊಡ್ಡ ಹೆಸರಿನಲ್ಲಿ ಕರೆಯುತ್ತಾರೆ, ವರ್ಚುಯಲ್ ಪವರ್ ಪ್ಲಾಂಟ್ ಎನ್ನುತ್ತಾರೆ. ನಮ್ಮ ಹಳ್ಳಿಯವರಿಗೆ ಅದರ ಒರಟು ರೂಪ ಹಲವು ವರ್ಷಗಳಿಂದ ಗೊತ್ತು. ಅದರ ಹೆಸರು 'ತ್ರೀ ಫೇಸ್ ಪಾಳಿ'.

ಕರ್ನಾಟಕದಲ್ಲಿ 30 ಲಕ್ಷಕ್ಕೂ ಹೆಚ್ಚು ಕೃಷಿ ಪಂಪ್‌ಸೆಟ್ ಇವೆ. ಒಂದೊಂದೂ ಐದು ಹೆಚ್‌ಪಿ ಎಂದರೆ 3.73 ಕಿಲೋವ್ಯಾಟ್. ಅಷ್ಟನ್ನೂ ಒಟ್ಟಿಗೆ ಚಾಲೂ ಮಾಡಿದರೆ 11,000 ಮೆಗಾವ್ಯಾಟ್ ಮೀರುತ್ತದೆ. ಇಡೀ ರಾಜ್ಯದ ಗರಿಷ್ಠ ಬೇಡಿಕೆಯೇ 17,000 ದಾಟಿದ್ದು 2024ರಲ್ಲಿ. ಅಂದರೆ ಊರುಗಳೆಲ್ಲ ಕತ್ತಲಲ್ಲಿ ಕೂರಬೇಕಾಗುತ್ತದೆ. ಹಾಗಾಗದಿರುವುದಕ್ಕೆ ಕಾರಣ ಫೀಡರ್‌ವಾರು, ಅಂದರೆ ಒಂದೊಂದು ತಂತಿಮಾರ್ಗಕ್ಕೆ ಒಂದೊಂದು ಪಾಳಿ: ಈ ವಾರ ನಿಮಗೆ ಹಗಲು, ಅವರಿಗೆ ರಾತ್ರಿ; ಏಳು ಗಂಟೆ ಪಂಪಿಗೆ ಬೇಕಾದ ತ್ರೀ ಫೇಸ್, ಉಳಿದ ಹೊತ್ತು ಸಿಂಗಲ್ ಫೇಸ್. ಟಿ. ನರಸೀಪುರದ ಕಡೆ ಗದ್ದೆಯ ಬದುವಿನಲ್ಲಿ ನಡುರಾತ್ರಿ ಟಾರ್ಚ್ ಹಿಡಿದು, ಹಾವಿಗೆ ಹೆದರಿ, ಮೋಟರ್ ಹಾಕಲು ಹೋದ ರೈತರನ್ನು ಕೇಳಿ. ನಮ್ಮ ಊರಿನ ಬೀದಿದೀಪ ಮಂಕಾಗದೆ ಉರಿದದ್ದು ಅವರ ನಿದ್ದೆಯ ಖರ್ಚಿನಲ್ಲಿ. ಇದನ್ನು ಹೊಂದಾಣಿಕೆ ಎನ್ನುವುದಕ್ಕೆ ನನಗೆ ನಾಲಿಗೆ ಬರುವುದಿಲ್ಲ, ಹೇರಿಕೆ ಎನ್ನಬೇಕು. ಸೋಲಾರ್ ಬಂದಮೇಲೆ ಇದೇ ಪಾಳಿಯನ್ನು ಹಗಲಿಗೆ ತಿರುಗಿಸುವ ಕೆಲಸ ನಡೆದಿದೆ. ಬಿಸಿಲಿದ್ದಾಗ ನೀರೆತ್ತುವುದು, ಇಷ್ಟು ಸರಳವಾದದ್ದಕ್ಕೆ ಇಷ್ಟು ವರ್ಷ ಬೇಕಾಯಿತು.

ಪೇಟೆಯಲ್ಲಿ ಫೀಡರ್ ಕಡಿದು ಪಾಳಿ ಹಾಕಿದರೆ ಜನ ಸುಮ್ಮನಿರುತ್ತಾರೆಯೇ? ಇಲ್ಲಿ ಇನ್ನೂ ನಾಜೂಕು ಬೇಕು, ಮನೆಮನೆಯ ಮೀಟರಿನ ತನಕ ಹೋಗಬೇಕು. ಆ ಪ್ರಯೋಗಕ್ಕೆ ಕೇಂದ್ರ ಸರ್ಕಾರ ದೇಶದಲ್ಲಿ ಆರಿಸಿದ 14 ಜಾಗಗಳಲ್ಲಿ ಒಂದು ನಮ್ಮ ಊರು. ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ ವಿ.ವಿ. ಮೊಹಲ್ಲಾ ಭಾಗದಲ್ಲಿ ಸ್ಮಾರ್ಟ್ ಗ್ರಿಡ್ ಕೈಗೆತ್ತಿಕೊಂಡಿತು. ಯೋಜನೆಯ ಮೊತ್ತ 32.59 ಕೋಟಿ ರೂಪಾಯಿ, ಅರ್ಧ ಕೇಂದ್ರದ್ದು. 14 ಫೀಡರ್, 473 ಟ್ರಾನ್ಸ್‌ಫಾರ್ಮರ್, 21,824 ಗ್ರಾಹಕರು. ಮನೆ, ಅಂಗಡಿ, ಕಾರ್ಖಾನೆ, ಜೊತೆಗೆ 512 ನೀರಾವರಿ ಪಂಪ್‌ಸೆಟ್ಟೂ ಸೇರಿ. ವರ್ಷಕ್ಕೆ ಆ ಭಾಗಕ್ಕೆ ಹರಿಯುತ್ತಿದ್ದ ವಿದ್ಯುತ್ತು 15 ಕೋಟಿ 18 ಲಕ್ಷ 90 ಸಾವಿರ ಯೂನಿಟ್.

ಈ ಕೊನೆಯ ಅಂಕಿಯನ್ನು ವರ್ಷದ 8,760 ಗಂಟೆಗಳಿಂದ ಭಾಗಿಸಿ ನೋಡಿದೆ. 17.3 ಮೆಗಾವ್ಯಾಟ್. ಶಿಂಷಾ ವಿದ್ಯುದಾಗಾರದ ಒಟ್ಟು ಸಾಮರ್ಥ್ಯ 17.2! 1940ರ ಹೊತ್ತಿನಲ್ಲಿ ಮೈಸೂರು ಸಂಸ್ಥಾನ ಕಟ್ಟಿದ ಒಂದು ಇಡೀ ಜಲವಿದ್ಯುತ್ ಕೇಂದ್ರ, ಹಗಲು ರಾತ್ರಿ, ಒಂದು ನಿಮಿಷ ಬಿಡುವಿಲ್ಲದೆ ಪೂರ್ಣ ಬಲದಲ್ಲಿ ತಿರುಗಿದರೂ ಇಂದಿನ ಮೈಸೂರಿನ ಒಂದು ಭಾಗದ 21,824 ಮೀಟರುಗಳನ್ನು ಮಾತ್ರ, ಅದೂ ಸರಾಸರಿ ಲೆಕ್ಕದಲ್ಲಿ, ತಿರುಗಿಸಬಲ್ಲದು. ಆ ಮೀಟರುಗಳನ್ನು ಮೊದಲು ಮನುಷ್ಯ ಬಂದು ತಿಂಗಳಿಗೊಮ್ಮೆ ಓದುತ್ತಿದ್ದ: ತಿಂಗಳಿಗೆ 21,824 ಓದು. ಕಾಲುಗಂಟೆಗೊಮ್ಮೆ ತನ್ನಷ್ಟಕ್ಕೆ ಓದಿ ಹೇಳುವ ಮೀಟರಾದರೆ ದಿನಕ್ಕೇ 20,95,104 ಓದು. ದೇಶದ ಮುಂದಿರುವ ಗುರಿ ಅಂಥ 25 ಕೋಟಿ ಮೀಟರು. ದಿನಕ್ಕೆ 2,400 ಕೋಟಿ ಓದು. ನಮ್ಮ ಮೀಟರ್ ರೀಡರ್ ಮನೆನಾಯಿಗೆ ಹೆದರಿ ಗೇಟಿನ ಹೊರಗೆ ನಿಂತು "ಅಮ್ಮಾ, ನಾಯಿ ಕಟ್ಟಿ" ಎನ್ನುತ್ತಿದ್ದ ಕಾಲ ಇದೇ ಈಗ ತಾನೇ ಕಳೆಯಿತು, ಕೆಲವು ಬೀದಿಗಳಲ್ಲಿ ಇನ್ನೂ ಕಳೆದಿಲ್ಲ.

ಓದುವುದು ಅರ್ಧ ಕೆಲಸ. ಓದಿದ ಮೇಲೆ ಏನು ಮಾಡುವುದು ಎಂಬುದರಲ್ಲಿ ಗಮ್ಮತ್ತಿದೆ, ಅದಕ್ಕೆ ಮತ್ತೆ ಗೀಸರಿಗೇ ಬರುತ್ತೇನೆ. 25 ಲೀಟರಿನ ಗೀಸರಿನಲ್ಲಿ ನೀರನ್ನು 20 ಡಿಗ್ರಿಯಿಂದ 60ಕ್ಕೆ ಏರಿಸಲು 1.16 ಯೂನಿಟ್ ಬೇಕು. 2,000 ವ್ಯಾಟಿನ ಕಾಯಿಲಿಗೆ ಅದು 35 ನಿಮಿಷದ ಕೆಲಸ. ನನ್ನ ಊಹೆಯ ಒಂದು ಲಕ್ಷ ಗೀಸರುಗಳನ್ನು ಬೆಳಗಿನ ನಾಲ್ಕೂವರೆಯಿಂದ ಎಂಟರ ತನಕ ಆರು ಪಾಳಿಯಲ್ಲಿ ಕಾಯಿಸಿದರೆ? 200 ಮೆಗಾವ್ಯಾಟ್ ಹೋಗಿ 33 ಮೆಗಾವ್ಯಾಟ್ ಆಗುತ್ತದೆ. ಶರಾವತಿಯ ಎರಡು ದೈತ್ಯ ಯಂತ್ರಗಳ ಬದಲು, ವಿಸ್ತರಿಸಿದ ಮೇಲೆ 42 ಮೆಗಾವ್ಯಾಟಿನದಾದ ಶಿವನಸಮುದ್ರ ಒಂದೇ ಸಾಕು, ಒಂಬತ್ತು ಮೆಗಾವ್ಯಾಟ್ ಮಿಕ್ಕುತ್ತದೆ. ಮಿಕ್ಕದ್ದರಲ್ಲಿ ಸುಮಾರು ಆರು ಅರಮನೆಗಳನ್ನು ಬೆಳಗಬಹುದು. ಯಾರ ಸ್ನಾನವೂ ತಪ್ಪಲಿಲ್ಲ, ಯಾರ ನೀರೂ ತಣ್ಣಗಿಲ್ಲ. ಹೊಸದಾಗಿ ಒಂದು ಯೂನಿಟ್ಟೂ ಹುಟ್ಟಲಿಲ್ಲ.

ಇನ್ನೊಂದು ಕಡೆಯಿಂದಲೂ ನೋಡಬಹುದು. 2017ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಹಾರ್ನ್ಸ್‌ಡೇಲ್‌ನಲ್ಲಿ ಟೆಸ್ಲಾ ಕಟ್ಟಿದ ಬ್ಯಾಟರಿ ಆಗ ಜಗತ್ತಿಗೇ ದೊಡ್ಡದು. ಅದರ ಹೊಟ್ಟೆಯಲ್ಲಿ ಹಿಡಿಯುತ್ತಿದ್ದದ್ದು 1 ಲಕ್ಷ 29 ಸಾವಿರ ಯೂನಿಟ್. ಮೈಸೂರಿನ ಲಕ್ಷ ಬಚ್ಚಲುಗಳಲ್ಲಿ ಬಿಸಿನೀರಿನ ರೂಪದಲ್ಲಿ ಹಿಡಿಯುವುದು 1 ಲಕ್ಷ 16 ಸಾವಿರ. ಒಂದು ವ್ಯತ್ಯಾಸವನ್ನು ಮುಚ್ಚಿಡಬಾರದು: ಆ ಬ್ಯಾಟರಿ ಕೊಟ್ಟ ಕರೆಂಟನ್ನು ತಿರುಗಿ ಕೊಡುತ್ತದೆ, ಬಿಸಿನೀರು ಕೊಡುವುದಿಲ್ಲ. ಆದರೆ ಗೀಸರು ತಾನು ತಗೊಳ್ಳುವುದನ್ನು ಮುಂದಕ್ಕೂ ಹಿಂದಕ್ಕೂ ಹಾಕಬಲ್ಲದು, ಮತ್ತು ಅದರ ದುಡ್ಡನ್ನು ಜನ ಆಗಲೇ ಕೊಟ್ಟಾಗಿದೆ. ಅಜ್ಜಿಯ ಕಾಲದ ತಾಮ್ರದ ಹಂಡೆಗೂ ಇದೇ ಗುಣವಿತ್ತು. ಬೆಳಗಿನ ಜಾವ ಸೌದೆ ತುರುಕಿದರೆ ಮನೆಮಂದಿಯೆಲ್ಲ ಹತ್ತು ಗಂಟೆಯವರೆಗೆ ಮಿಂದರೂ ಬಿಸಿ ಆರುತ್ತಿರಲಿಲ್ಲ. ಅದರ ಮೊಮ್ಮಕ್ಕಳಂತೆ ತಾರಸಿಗಳ ಮೇಲೆ ಕೂತಿರುವ ಸೋಲಾರ್ ವಾಟರ್ ಹೀಟರುಗಳು ಯಾವ ಯೋಜನೆಯ ಹೆಸರೂ ಇಲ್ಲದೆ ಬೆಳಗಿನ ಹೊರೆಯನ್ನು ತಿಂದುಹಾಕುತ್ತಿವೆ. ಅದಕ್ಕೆ ಬಿಲ್ಲಿನಲ್ಲಿ ಸಿಗುತ್ತಾ ಬಂದ ರಿಯಾಯಿತಿ ಯೂನಿಟ್ಟಿಗೆ 50 ಪೈಸೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ. ಎರಡು ಫಿಲ್ಟರ್ ಕಾಫಿ, ಅದೂ ಒಳ್ಳೆಯ ಹೋಟೆಲಿನಲ್ಲಲ್ಲ.

ದರದ ಮಾತು ಬಂತಲ್ಲ, ನನ್ನ ತಕರಾರು ಒಂದಿದೆ. ನಮ್ಮ ಮನೆಯ ಬಿಲ್ಲು ಎಷ್ಟು ಬಳಸಿದಿರಿ ಎಂದು ಕೇಳುತ್ತದೆ, ಯಾವಾಗ ಬಳಸಿದಿರಿ ಎಂದು ಕೇಳುವುದಿಲ್ಲ. ದೊಡ್ಡ ಕಾರ್ಖಾನೆಗಳಿಗೆ ಹೊತ್ತಿಗೊಂದು ದರ ಉಂಟು. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದಮೇಲೆ ಇನ್ನೂರು ಯೂನಿಟ್ಟಿನೊಳಗೆ ಬಿಲ್ಲೇ ಸೊನ್ನೆಯಾದ ಮನೆಗಳಿಗೆ ಆರೂವರೆಯೂ ಒಂದೇ, ನಡುಮಧ್ಯಾಹ್ನವೂ ಒಂದೇ. ಬಡವರ ಮನೆಯ ದೀಪಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಮಧ್ಯಾಹ್ನ ಪಾವಗಡದ ಬಿಸಿಲು ಧಾರಾಳವಾಗಿರುವಾಗ ಯುಪಿಎಸ್ ಚಾರ್ಜ್ ಆಗಲಿ, ಸ್ಕೂಟರು ಚಾರ್ಜ್ ಆಗಲಿ, ಸಂಜೆ ಏಳಕ್ಕೆ ಎಲ್ಲವೂ ಒಟ್ಟಿಗೆ ಬಾಯಿ ಹಾಕುವುದು ಬೇಡ ಎಂದು ಹೇಳಿಸಲು ಯಾವ ದಾರಿಯೂ ಉಳಿಯಲಿಲ್ಲ.

ಇಷ್ಟನ್ನೂ ಅಕ್ಕನಿಗೆ ಹೇಳಿದೆ. ಪೊಟ್ಟಣದ ಕಾಗದವನ್ನೂ ತೋರಿಸಿದೆ. ಅವಳು ದೋಸೆ ಮಗುಚುತ್ತಾ ಕೇಳಿದಳು, "ಅಂದ್ರೆ ನಿನ್ನ ಶರಾವತಿಗೋಸ್ಕರ ನಾನು ನಾಲ್ಕೂವರೆಗೆ ಎದ್ದು ಸ್ವಿಚ್ ಹಾಕ್ಬೇಕಾ?"

"ಬೇಡ ಅಕ್ಕ. ಅದೇ ಹಾಕ್ಕೊಳ್ಳುತ್ತೆ, ಅದೇ ಆರಿಸ್ಕೊಳ್ಳುತ್ತೆ. ಅಂಥದ್ದು ಬರುತ್ತೆ."

"ಹಾಕ್ಕೊಳ್ಳಲಿ. ನಾನು ಬಚ್ಚಲಿಗೆ ಹೋದಾಗ ನೀರು ಬಿಸಿ ಇರ್ಬೇಕು. ಯಾವಾಗ ಕಾಯ್ತು, ಯಾರು ಕಾಯಿಸಿದ್ರು, ನನಗ್ಯಾಕೆ?"

ಹುಡುಗ ಕಾಗದ ಕಿತ್ತುಕೊಂಡು ಒಂದು ಲಕ್ಷದ ಪಕ್ಕದಲ್ಲಿ ಒಂದು ಎಂದು ಬರೆದ. ನಮ್ಮನೇದು ಸೇರಿಸ್ಕೊಂಡಿದೀಯಾ ಮಾಮ, ಅಂದ.